ಏರ್ ನೇಲ್ ಗನ್: ಗಾಳಿ ಬಿಚ್ಚಿದ ಮೇಲಷ್ಟೇ ಗನ್‌ಗೆ ಕೈ ಹಾಕಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕಂಪ್ರೆಸರ್ ಗಾಳಿಯಿಂದ ಮೊಳೆ ಹೊಡೆಯುವ ಗನ್‌ಗಳ ಬಗ್ಗೆ ಈ ಸಲ ತುಂಬಾ ಪ್ರಶ್ನೆಗಳು ಬಂದಿವೆ. ವಾರ್ಡ್‌ರೋಬ್ ಮಾಡುವವರು, ಪ್ಯಾಲೆಟ್ ಘಟಕದವರು, ಫಾಲ್ಸ್ ಸೀಲಿಂಗ್ ಕೆಲಸದವರು ಎಲ್ಲರೂ ಬರೆದಿದ್ದಾರೆ. ಹೆಚ್ಚಿನವರಿಗೆ ಗನ್ ಹೇಗೆ ಹೊಡೆಯಬೇಕೆಂದು ಯಾರೋ ಹಿರಿಯರು ತೋರಿಸಿಕೊಟ್ಟಿದ್ದಾರೆ. ಯಾವಾಗ ಗಾಳಿ ಬಿಚ್ಚಬೇಕು, ಬೆರಳು ಯಾವಾಗ ತೆಗೆಯಬೇಕು ಎನ್ನುವುದನ್ನು ಮಾತ್ರ ಹೇಳಿಕೊಟ್ಟಂತಿಲ್ಲ. ಜಾಸ್ತಿ ಪೆಟ್ಟಾಗುವುದು ಅಲ್ಲೇ. ಹಾಗಾಗಿ ಆ ಎರಡು ಪ್ರಶ್ನೆಗಳಿಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಪೀಣ್ಯದ ಪ್ಯಾಲೆಟ್ (ಸರಕು ಇಡುವ ಮರದ ಅಟ್ಟಣೆ) ಘಟಕವೊಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ನಮ್ಮ ಹುಡುಗರು ಕಾಯಿಲ್ ನೇಲರ್‌ನ (ಸುರುಳಿಯಾಗಿ ಸುತ್ತಿದ ಮೊಳೆ ಹಾಕುವ ಗನ್) ಟ್ರಿಗರ್ ಒತ್ತಿ ಹಿಡಿದುಕೊಂಡೇ ಹಲಗೆ ಮೇಲೆ ತಟ್ಟುತ್ತಾ ಹೋಗುತ್ತಾರೆ. ಕೆಲಸ ಬೇಗ ಆಗುತ್ತದೆ. ಆದರೆ ಕೆಲವೊಮ್ಮೆ ಒಂದು ಮೊಳೆ ಹೊಡೆದರೆ ಎರಡು ಬರುತ್ತವೆ. ಗನ್ ಕೆಟ್ಟಿದೆಯಾ?

ಕೆಟ್ಟಿರಬೇಕು ಅಂತೇನಿಲ್ಲ. ನಿಮ್ಮ ಗನ್‌ನಲ್ಲಿರುವ ಟ್ರಿಗರ್ ಕೆಲಸ ಮಾಡುವುದೇ ಹಾಗೆ.

ಗನ್‌ನ ಮೂತಿಯಲ್ಲಿ ಒಳಕ್ಕೆ ಒತ್ತಿದರೆ ಹೋಗಿ ಮತ್ತೆ ಹೊರಗೆ ಬರುವ ಒಂದು ಲೋಹದ ತುದಿ ಇರುತ್ತದೆ. ಅದು ಸೇಫ್ಟಿ ಟಿಪ್. ತುದಿಯೂ ಒತ್ತಿರಬೇಕು, ಟ್ರಿಗರ್ ಕೂಡ ಒತ್ತಿರಬೇಕು, ಆಗಲೇ ಮೊಳೆ ಹೊರಡುತ್ತದೆ. ಯಾವುದನ್ನು ಮೊದಲು ಒತ್ತಬೇಕು ಎನ್ನುವುದು ಟ್ರಿಗರ್‌ನ ಜಾತಿಯನ್ನು ಅವಲಂಬಿಸಿದೆ. ಕಾಂಟ್ಯಾಕ್ಟ್ ಟ್ರಿಗರ್ ಆದರೆ ಯಾವುದು ಮೊದಲಾದರೂ ನಡೆಯುತ್ತದೆ. ನಿಮ್ಮ ಹುಡುಗರು ಬಳಸುತ್ತಿರುವುದು ಇದನ್ನೇ. ಫುಲ್ ಸೀಕ್ವೆನ್ಷಿಯಲ್ ಟ್ರಿಗರ್ ಆದರೆ ಮೊದಲು ತುದಿಯನ್ನು ಮರಕ್ಕೆ ಒತ್ತಬೇಕು, ಆಮೇಲೆ ಟ್ರಿಗರ್ ಎಳೆಯಬೇಕು. ಮುಂದಿನ ಮೊಳೆಗೆ ಎರಡನ್ನೂ ಪೂರ್ತಿ ಬಿಟ್ಟು ಮೊದಲಿನಿಂದ ಶುರು ಮಾಡಬೇಕು.

ಮೊಳೆ ಹೊರಟ ಕ್ಷಣ ಗನ್ ಹಿಂದಕ್ಕೆ ಒದೆಯುತ್ತದೆ. ಕೈ ಅದನ್ನು ತಾನಾಗಿಯೇ ಮತ್ತೆ ಕೆಳಕ್ಕೆ ಅದುಮುತ್ತದೆ. ಬೆರಳು ಇನ್ನೂ ಟ್ರಿಗರ್ ಮೇಲಿದೆ, ತುದಿ ಮತ್ತೆ ಹಲಗೆಗೆ ತಾಗಿತು, ಎರಡನೇ ಮೊಳೆ ಹೊರಟಿತು. ಆ ಮೊಳೆ ಮೊದಲನೆಯದರ ತಲೆಗೆ ಬಡಿದು ಎತ್ತ ಬೇಕಾದರೂ ಹಾರಬಹುದು. ಟ್ರಿಗರ್ ಒತ್ತಿಕೊಂಡೇ ತಿರುಗಿದರೆ, ಪಕ್ಕದವನ ತೊಡೆಗೆ ತುದಿ ತಾಗಿದರೂ ಮೊಳೆ ಹಾರುತ್ತದೆ.

ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ನಯೋಶ್ ಮತ್ತು ಓಶಾ ಸಂಸ್ಥೆಗಳು 2011ರಲ್ಲಿ ನೇಲ್ ಗನ್ ಸುರಕ್ಷತೆಯ ಬಗ್ಗೆ ಒಂದು ಕೈಪಿಡಿ ತಂದವು. ಕಾಂಟ್ಯಾಕ್ಟ್ ಟ್ರಿಗರ್ ಬಳಸುವವರಿಗೆ ಗಾಯದ ಅಪಾಯ ಎರಡು ಪಟ್ಟು ಎಂದು ಅದು ಹೇಳುತ್ತದೆ. ಅಲ್ಲಿ ಮನೆ ಕಟ್ಟುವ ಕೆಲಸ ಕಲಿಯುತ್ತಿದ್ದ ಬಡಗಿಗಳಲ್ಲಿ ಐವರಿಗೆ ಇಬ್ಬರು ನಾಲ್ಕು ವರ್ಷದೊಳಗೆ ನೇಲ್ ಗನ್‌ನಿಂದ ಪೆಟ್ಟು ತಿಂದಿದ್ದರು.

ವೇಗದ ವಿಷಯ ಮಾಲೀಕರಿಗೂ ಹೇಳಿ. ಅನುಭವಿ ಬಡಗಿಗಳಿಂದ ಒಂದೇ ಅಳತೆಯ ಮರದ ಶೆಡ್‌ಗಳನ್ನು ಎರಡೂ ಬಗೆಯ ಟ್ರಿಗರ್‌ನಿಂದ ಕಟ್ಟಿಸಿ ನೋಡಿದ್ದಾರೆ. ಮೊಳೆ ಹೊಡೆಯುವ ಸಮಯದಲ್ಲಿ ಕಾಂಟ್ಯಾಕ್ಟ್ ಟ್ರಿಗರ್ ಸುಮಾರು 10 ಶೇಕಡಾ ಮುಂದಿತ್ತು. ಶೆಡ್ ಕಟ್ಟುವ ಒಟ್ಟು ಸಮಯದ ಲೆಕ್ಕದಲ್ಲಿ ಅದು 1 ಶೇಕಡಾಕ್ಕಿಂತ ಕಡಿಮೆ. ಪ್ಯಾಲೆಟ್‌ನಲ್ಲಿ ಮೊಳೆ ಜಾಸ್ತಿ, ಒಪ್ಪುತ್ತೇನೆ. ಆದರೂ ಹಲಗೆ ತಂದು ಜೋಡಿಸಿ, ತಿರುಗಿಸಿ ಇಡುವುದಕ್ಕೂ ಸಾಕಷ್ಟು ಸಮಯ ಹೋಗುತ್ತದೆ ಅಲ್ವಾ? ಅಲ್ಲಿ ಒಳ್ಳೆಯ ಜಿಗ್ (ಹಲಗೆಗಳನ್ನು ಜಾಗದಲ್ಲೇ ಹಿಡಿದಿಡುವ ಚೌಕಟ್ಟು) ಮಾಡಿಸಿ. ಸಮಯವೂ ಉಳಿಯುತ್ತದೆ, ಹಲಗೆ ಹಿಡಿಯಲು ಎಡಗೈ ಬೇಕಾಗುವುದಿಲ್ಲ.

ಎಡಗೈ ಮೊಳೆ ಬೀಳುವ ಜಾಗದಿಂದ ಕನಿಷ್ಠ 30 ಸೆಂಟಿಮೀಟರ್ ದೂರ ಇರಲಿ. ಪೈನ್ ಹಲಗೆಯಲ್ಲಿ ಗಂಟು ಸಿಕ್ಕರೆ ಮೊಳೆ ಬಾಗಿ ಪಕ್ಕದಿಂದ ಹೊರಬರುತ್ತದೆ. ಬೆರಳು ಅಲ್ಲೇ ಇರುತ್ತದೆ.

ನಿಮ್ಮಲ್ಲಿ ಯಾವ ಗನ್‌ಗೆ ಯಾವ ಟ್ರಿಗರ್ ಇದೆ ಎಂದು ತಿಳಿಯಲು ಸೇಫ್ಟಿ ಕನ್ನಡಕ ಹಾಕಿಕೊಂಡು, ಸುತ್ತ ಯಾರೂ ಇಲ್ಲದಾಗ, ನೆಲದ ಮೇಲೆ ದಪ್ಪ ವೇಸ್ಟ್ ಮರ ಇಟ್ಟು ನೋಡಿ. ಮೂತಿ ಮರದ ಕಡೆಗೇ ಇರಲಿ. ಟ್ರಿಗರ್ ಮೊದಲು ಒತ್ತಿ, ಆಮೇಲೆ ತುದಿಯನ್ನು ಮರಕ್ಕೆ ತಾಗಿಸಿ. ಮೊಳೆ ಹೊರಟರೆ ಅದು ಕಾಂಟ್ಯಾಕ್ಟ್. ಎಷ್ಟೋ ಮಾಡೆಲ್‌ಗಳಿಗೆ ಸೀಕ್ವೆನ್ಷಿಯಲ್ ಟ್ರಿಗರ್ ಬಿಡಿಭಾಗವಾಗಿ ಸಿಗುತ್ತದೆ, ಡೀಲರ್ ಹತ್ತಿರ ಮಾಡೆಲ್ ನಂಬರ್ ಕೊಟ್ಟು ಕೇಳಿ. ಸೇಫ್ಟಿ ಟಿಪ್‌ಗೆ ತಂತಿ ಕಟ್ಟಿದ ಅಥವಾ ಸ್ಪ್ರಿಂಗ್ ಕಿತ್ತ ಗನ್ ಕಣ್ಣಿಗೆ ಬಿದ್ದರೆ ಆ ಕ್ಷಣವೇ ಕೆಲಸದಿಂದ ಹೊರಗಿಡಿ. ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ದಾವಣಗೆರೆಯಲ್ಲಿ ಇಂಟೀರಿಯರ್ ಕೆಲಸ ಮಾಡುತ್ತೇನೆ. ಬ್ರಾಡ್ ಗನ್‌ನಲ್ಲಿ (ಸಣ್ಣ ತೆಳು ಮೊಳೆಯ ಗನ್) ದಿನಕ್ಕೆ ನಾಲ್ಕೈದು ಸಲ ಮೊಳೆ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ಸಲ ಪೈಪ್ ಬಿಚ್ಚುವುದು ಕಷ್ಟ. ಟ್ರಿಗರ್ ಮುಟ್ಟದೆ ಸ್ಕ್ರೂಡ್ರೈವರ್‌ನಿಂದ ಎಬ್ಬಿದರೆ ಸಾಕಲ್ವಾ?

ಸಾಲದು. ದಯವಿಟ್ಟು ಇವತ್ತಿನಿಂದಲೇ ಇದನ್ನು ನಿಲ್ಲಿಸಿ.

ಮೊಳೆ ಸಿಕ್ಕಿಕೊಂಡಾಗ ಅದನ್ನು ತಳ್ಳುವ ಬ್ಲೇಡ್ ಅರ್ಧ ದಾರಿಯಲ್ಲಿ ನಿಂತಿರಬಹುದು. ಅದರ ಹಿಂದೆ ಗಾಳಿಯ ಒತ್ತಡ ಹಾಗೇ ಇರಬಹುದು. ನೀವು ಮೊಳೆ ಎಬ್ಬಿದ ಕೂಡಲೇ ಬ್ಲೇಡ್ ಉಳಿದ ದಾರಿಯನ್ನು ಒಮ್ಮೆಲೇ ಮುಗಿಸುತ್ತದೆ. ಆಗ ಟ್ರಿಗರ್ ಒತ್ತುವ ಅಗತ್ಯವೇ ಇಲ್ಲ. ಮೊದಲು ಪೈಪ್ ಬಿಚ್ಚಿ, ಆಮೇಲೆ ಮ್ಯಾಗಜೀನ್‌ನಿಂದ (ಮೊಳೆ ತುಂಬುವ ಭಾಗ) ಮೊಳೆ ತೆಗೆಯಿರಿ, ಕೊನೆಗೆ ಮೂತಿ ತೆರೆಯಿರಿ. ಕ್ವಿಕ್ ಕಪ್ಲರ್ (ಪೈಪ್ ಮತ್ತು ಗನ್ ಕೂಡಿಸುವ ಫಿಟಿಂಗ್) ಇದ್ದರೆ ಬಿಚ್ಚುವುದಕ್ಕೆ ಎರಡು ಸೆಕೆಂಡು ಸಾಕು.

ಇಲ್ಲೊಂದು ಸೂಕ್ಷ್ಮ ಇದೆ. ತುಂಬಾ ವರ್ಕ್‌ಶಾಪ್‌ಗಳಲ್ಲಿ ಇದು ತಪ್ಪಾಗಿರುತ್ತದೆ. ಕಪ್ಲರ್‌ಗೆ ಎರಡು ಭಾಗ. ಒಂದು ನಿಪ್ಪಲ್, ಅದು ಸುಮ್ನೆ ತೂತಿರುವ ಕೊಳವೆ. ಇನ್ನೊಂದು ಸಾಕೆಟ್, ಅದರೊಳಗೆ ಗಾಳಿ ತಡೆಯುವ ವಾಲ್ವ್ ಇದೆ. ಗನ್‌ಗೆ ಯಾವಾಗಲೂ ನಿಪ್ಪಲ್ ಹಾಕಬೇಕು, ಸಾಕೆಟ್ ಪೈಪ್ ಕಡೆ ಇರಬೇಕು. ಆಗ ಬಿಚ್ಚಿದ ಕೂಡಲೇ ಗನ್‌ನ ಗಾಳಿಯೆಲ್ಲಾ ಬುಸ್ಸೆಂದು ಹೊರಗೆ ಹೋಗುತ್ತದೆ. ಅದಲು ಬದಲಾಗಿದ್ದರೆ ಗನ್ ಒಳಗೆ ಗಾಳಿ ಉಳಿಯುತ್ತದೆ. ಪೈಪ್ ಬಿಚ್ಚಿದ್ದೇನೆ ಎಂಬ ಧೈರ್ಯದಲ್ಲಿ ನೀವು ಕೈ ಹಾಕುತ್ತೀರಿ, ಇನ್ನೊಂದು ಮೊಳೆ ಹೊಡೆಯುವಷ್ಟು ಗಾಳಿ ಅದರಲ್ಲಿ ಕುಳಿತಿರುತ್ತದೆ. ನಿಮ್ಮ ಗನ್ ಈಗಲೇ ನೋಡಿ. ಬಿಚ್ಚುವಾಗ ಗನ್ ಕಡೆಯಿಂದ ಆ ಸದ್ದು ಬರದಿದ್ದರೆ ಫಿಟಿಂಗ್ ಬದಲಿಸಿ.

ಮತ್ತೆ ಜೋಡಿಸುವಾಗ ಮೂತಿ ವೇಸ್ಟ್ ಮರದ ಕಡೆ ಇರಲಿ, ಬೆರಳು ಟ್ರಿಗರ್‌ನಿಂದ ದೂರ ಇರಲಿ. ಮೊದಲು ಗಾಳಿ, ಆಮೇಲೆ ಮೊಳೆ. ವಾಲ್ವ್ ಸವೆದ ಗನ್‌ಗಳು ಗಾಳಿ ಕೊಟ್ಟ ಕೂಡಲೇ ಒಂದು ಏಟು ಹೊಡೆಯುವುದುಂಟು.

ಅಗ್ಗದ ಬ್ರಾಡ್ ಗನ್‌ಗಳಲ್ಲಿ, ಸೋಫಾ ಕೆಲಸದ ಸ್ಟೇಪ್ಲರ್‌ಗಳಲ್ಲಿ ಎಷ್ಟೋ ಸಲ ಸೇಫ್ಟಿ ಟಿಪ್ ಇರುವುದೇ ಇಲ್ಲ. ಟ್ರಿಗರ್ ಒತ್ತಿದರೆ ಖಾಲಿ ಗಾಳಿಯಲ್ಲೂ ಮೊಳೆ ಹಾರುತ್ತದೆ. ಇಂಥ ಗನ್ ಅನ್ನು ಹೆಲ್ಪರ್ ಕೈಗೆ ಕೊಡುವಾಗ ಕೈಯಿಂದ ಕೈಗೆ ದಾಟಿಸಬೇಡಿ. ಕೆಳಗಿಡಿ, ಅವನು ಎತ್ತಿಕೊಳ್ಳಲಿ. ಊಟಕ್ಕೆ ಏಳುವಾಗ, ಏಣಿ ಹತ್ತುವಾಗ, ಇಳಿಯುವಾಗ ಪೈಪ್ ಬಿಚ್ಚಿ. ದಿನಕ್ಕೆ ನಾಲ್ಕೈದು ಸಲ ಜಾಮ್ ಆಗುವುದೂ ಸರಿಯಲ್ಲ. ಮೊಳೆಯ ಗೇಜ್ (ದಪ್ಪ) ಗನ್‌ಗೆ ಹೊಂದುತ್ತಿಲ್ಲ, ಇಲ್ಲವೇ ಬ್ಲೇಡಿನ ತುದಿ ಸವೆದಿದೆ. ಎರಡನ್ನೂ ರಿಪೇರಿಯವರಿಗೆ ತೋರಿಸಿ.

ಪ್ರಶ್ನೆ: ಶಿವಮೊಗ್ಗದಿಂದ. ಗಟ್ಟಿ ಮರಕ್ಕೆ ಹೊಡೆದರೆ ಮೊಳೆ ತಲೆ ಹೊರಗೇ ಉಳಿಯುತ್ತದೆ. ಕಂಪ್ರೆಸರ್‌ನಲ್ಲಿ 10 ಕೆಜಿವರೆಗೂ ಪ್ರೆಷರ್ ಬರುತ್ತದೆ, ಅಷ್ಟೂ ಕೊಡಬಹುದಾ? ಕರೆಂಟ್ ಇಲ್ಲದ ಸೈಟ್‌ನಲ್ಲಿ ವೆಲ್ಡಿಂಗ್‌ನವರ ಸಿಲಿಂಡರ್ ಬಳಸಬಹುದಾ?

ಎರಡನೆಯದಕ್ಕೆ ಮೊದಲು ಉತ್ತರ: ಬಳಸಲೇಬಾರದು. ಆಕ್ಸಿಜನ್ ಗನ್ ಒಳಗಿನ ಎಣ್ಣೆಗೆ ಸೇರಿದರೆ ಗನ್ ಕೈಯಲ್ಲೇ ಸ್ಫೋಟಿಸಬಹುದು. ಬೇರೆ ಗ್ಯಾಸ್ ಆದರೂ ಬೇಡ. ತುಂಬಿದ ಸಿಲಿಂಡರ್ ಒಳಗೆ ಸುಮಾರು 150 ಬಾರ್ ಒತ್ತಡ ಇರುತ್ತದೆ, ನಿಮ್ಮ ಗನ್ ಏಳೆಂಟು ಬಾರ್‌ಗೆ ಮಾಡಿದ್ದು.

ಪ್ರೆಷರ್ ಎಷ್ಟು ಕೊಡಬೇಕೆಂದು ಗನ್ ಮೈಮೇಲೇ ಬರೆದಿರುತ್ತದೆ. 100 ಪಿಎಸ್‌ಐ ಅಂದರೆ ಸುಮಾರು 7 ಬಾರ್, ನಾವು ಹೇಳುವ 7 ಕೆಜಿ. ಗನ್ ಮೇಲೆ ಬರೆದ ಅಂಕಿಯನ್ನು ದಾಟಬೇಡಿ. ಟ್ಯಾಂಕಿನ ಗೇಜ್ ನೋಡಿ ಲೆಕ್ಕ ಹಾಕಬೇಡಿ, ಪೈಪ್‌ಗೆ ಹೋಗುವ ಕಡೆ ರೆಗ್ಯುಲೇಟರ್ ಇರಬೇಕು, ಅದರ ಗೇಜ್ ಮುಖ್ಯ. ಕಡಿಮೆಯಿಂದ ಶುರು ಮಾಡಿ, ಮೊಳೆ ತಲೆ ಮರಕ್ಕೆ ಸಮ ಆಗುವವರೆಗೆ ಮಾತ್ರ ಏರಿಸಿ.

ತಲೆ ಹೊರಗೆ ಉಳಿಯಲು ಪ್ರೆಷರ್ ಒಂದೇ ಕಾರಣವಲ್ಲ. ಸಣ್ಣ ವ್ಯಾಸದ ಉದ್ದ ಪೈಪ್ ಹಾಕಿದ್ದರೆ ಗನ್‌ಗೆ ತಲುಪುವ ಹೊತ್ತಿಗೆ ಒತ್ತಡ ಇಳಿದಿರುತ್ತದೆ. ಟ್ಯಾಂಕಿನಲ್ಲಿ ನೀರು ತುಂಬಿದ್ದರೂ ತೊಂದರೆ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಪ್ರತಿದಿನ ಸಂಜೆ ಕೆಳಗಿನ ಡ್ರೇನ್ ವಾಲ್ವ್ ತೆರೆದು ನೀರು ಬಿಡಿ, ಇಲ್ಲದಿದ್ದರೆ ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಗನ್ ಒಳಗಿನ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಒಣಗಿದ್ದರೂ ಏಟು ಸಪ್ಪೆಯಾಗುತ್ತದೆ. ಇದೆಲ್ಲಾ ಸರಿಯಿದ್ದೂ ಹೊನ್ನೆ, ಮತ್ತಿಯಂಥ ಮರಕ್ಕೆ ಮೊಳೆ ಇಳಿಯದಿದ್ದರೆ ಡ್ರಿಲ್ ಮಾಡಿ ಸ್ಕ್ರೂ ಹಾಕಿ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ, ಕೆಲಸ ಸಾಫ್ಟ್‌ವೇರ್. ಮನೆ ಹಿಂದೆ ನಾನೇ ಡೆಕ್ (ಮರದ ಜಗಲಿ) ಕಟ್ಟಬೇಕೆಂದಿದ್ದೇನೆ. ಫ್ರೇಮಿಂಗ್ ನೇಲರ್ (ದೊಡ್ಡ ಮೊಳೆಯ ಗನ್) ಬಾಡಿಗೆಗೆ ತಂದರೆ ಆಗುತ್ತದಾ?

ಆಗುತ್ತದೆ. ಆದರೆ ಒಂದು ಲೆಕ್ಕ ತಿಳಿದಿರಲಿ. 2001ರಿಂದ 2005ರವರೆಗೆ ನಿಮ್ಮ ದೇಶದಲ್ಲಿ ನೇಲ್ ಗನ್ ಗಾಯಕ್ಕೆ ತುರ್ತು ಚಿಕಿತ್ಸೆಗೆ ಬಂದವರು ವರ್ಷಕ್ಕೆ ಸುಮಾರು 37,000 ಮಂದಿ. ಅವರಲ್ಲಿ ಸುಮಾರು 40 ಶೇಕಡಾ ನಿಮ್ಮ ಹಾಗೆ ಮನೆಯಲ್ಲಿ ತಾವೇ ಕೆಲಸ ಮಾಡಿಕೊಂಡವರು.

ಅಂಗಡಿಯಲ್ಲಿ ಫುಲ್ ಸೀಕ್ವೆನ್ಷಿಯಲ್ ಟ್ರಿಗರ್ ಇರುವುದನ್ನೇ ಕೇಳಿ, ಕೈಪಿಡಿಯನ್ನೂ ಕೇಳಿ ಪಡೆಯಿರಿ. ಕೆಲಸದ ಮೊದಲು ಬೇಡದ ಮರದ ತುಂಡಿನಲ್ಲಿ ಒದೆತ ಹೇಗಿರುತ್ತದೆಂದು ಅಭ್ಯಾಸ ಮಾಡಿ. ಏಣಿ ಮೇಲೆ ನಿಂತು ಕೈಚಾಚಿ ಹೊಡೆಯಬೇಡಿ. ಓರೆಯಾಗಿ ಹೊಡೆಯುವಾಗ ತುದಿ ಜಾರುತ್ತದೆ, ಅಂಥ ಕಡೆ ಮತ್ತು ಇಕ್ಕಟ್ಟಿನ ಮೂಲೆಯಲ್ಲಿ ಸುತ್ತಿಗೆಯೇ ಒಳ್ಳೆಯದು. ಮುಖವನ್ನು ಗನ್‌ನ ಹಿಂಭಾಗದ ನೇರಕ್ಕೆ ತರಬೇಡಿ, ಒದ್ದರೆ ಅದು ಬಂದು ಬಡಿಯುವುದು ಅಲ್ಲಿಗೇ. ಪಕ್ಕಗಳಿಗೂ ರಕ್ಷಣೆ ಇರುವ ಕನ್ನಡಕ ಹಾಕಿ. ನಂಬರ್ ಕನ್ನಡಕ ಅದಕ್ಕೆ ಬದಲಿ ಅಲ್ಲ. ಕಿವಿಗೂ ಇಯರ್ ಪ್ಲಗ್ ಬೇಕು. ಈ ಗನ್‌ಗಳ ಸದ್ದು ಕ್ಷಣ ಮಾತ್ರ ಇದ್ದರೂ 109ರಿಂದ 136 ಡೆಸಿಬಲ್‌ವರೆಗೆ ಏರುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಇಂಟೀರಿಯರ್ ನಡೆಯುತ್ತಿದೆ. ನಾವು ಅಲ್ಲೇ ವಾಸವಿದ್ದೇವೆ, ಚಿಕ್ಕ ಮಕ್ಕಳಿದ್ದಾರೆ. ನಾವೇನು ನೋಡಿಕೊಳ್ಳಬೇಕು?

ಕೆಲಸ ನಡೆಯುವ ಕೋಣೆಯ ಬಾಗಿಲು ಮುಚ್ಚಿರಲಿ. ಪ್ಲೈವುಡ್ ಪಾರ್ಟಿಷನ್‌ಗೆ ಹೊಡೆಯುವಾಗ ಅದರ ಆಚೆ ಬದಿಯಲ್ಲೂ ಯಾರೂ ಇರಬಾರದು, ತೆಳು ಹಾಳೆಯನ್ನು ಮೊಳೆ ದಾಟಿ ಹೋಗುತ್ತದೆ. ಗೋಡೆಗೆ ಕಾಂಕ್ರೀಟ್ ಮೊಳೆ ಹೊಡೆಯುವ ಮುಂಚೆ ವೈರ್ ಮತ್ತು ನೀರಿನ ಪೈಪ್ ಎಲ್ಲೆಲ್ಲಿ ಹೋಗಿವೆ ಎಂದು ಮೇಸ್ತ್ರಿಗೆ ಚಾಕ್‌ನಲ್ಲಿ ಗುರುತು ಮಾಡಿ ತೋರಿಸಿ. ಸಂಜೆ ಅವರು ಹೊರಡುವಾಗ ಕಂಪ್ರೆಸರ್ ಟ್ಯಾಂಕ್ ಖಾಲಿಯಾಗಿದೆಯೇ, ಗನ್ ಒಳಗಿಟ್ಟು ಬೀಗ ಹಾಕಿದ್ದಾರೆಯೇ ಎಂದು ನೀವೇ ನೋಡಿ.

ಪ್ರಶ್ನೆ: ಫಾಲ್ಸ್ ಸೀಲಿಂಗ್ ಕೆಲಸ, ಹುಬ್ಬಳ್ಳಿ. ಕಳೆದ ತಿಂಗಳು ಬೆರಳಿಗೆ ಮೊಳೆ ಹೊಕ್ಕಿತು. ಜೊತೆಯವನು ಕಟಿಂಗ್ ಪ್ಲೇಯರ್‌ನಿಂದ ಎಳೆದು ಅರಿಶಿನ ಹಚ್ಚಿದ. ಗಾಯ ಮಾಯ್ದಿದೆ, ಆದರೆ ಬೆರಳು ಪೂರ್ತಿ ಮಡಚುತ್ತಿಲ್ಲ.

ಅಣ್ಣಾ, ನಾಳೆಯೇ ಮೂಳೆ ವೈದ್ಯರ ಹತ್ತಿರ ಹೋಗಿ. ಚರ್ಮ ಕೂಡಿಕೊಂಡರೆ ಒಳಗೂ ಸರಿಯಾಯಿತು ಎಂದಲ್ಲ. ನೇಲ್ ಗನ್ ಗಾಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವುದು ಕೈ ಮತ್ತು ಬೆರಳಿಗೆ. ಅಂಥ ಗಾಯಗಳ ಪೈಕಿ ಸುಮಾರು ಕಾಲು ಭಾಗದಲ್ಲಿ ಸ್ನಾಯುರಜ್ಜು, ಕೀಲು, ನರ ಅಥವಾ ಮೂಳೆಗೆ ಪೆಟ್ಟಾಗಿರುತ್ತದೆ. ಬೆರಳು ಮಡಚುತ್ತಿಲ್ಲ ಎಂದರೆ ಅದನ್ನೇ ಪರೀಕ್ಷಿಸಬೇಕು. ತಡವಾದಷ್ಟೂ ಚಿಕಿತ್ಸೆ ಕಷ್ಟ.

ಹೊಕ್ಕ ಮೊಳೆಯನ್ನು ಕೆಲಸದ ಜಾಗದಲ್ಲಿ ಎಳೆಯಬಾರದು. ಗನ್‌ಗೆಂದು ಸಾಲಾಗಿ ಜೋಡಿಸಿದ ಮೊಳೆಗಳಿಗೆ ಅಂಟು ಇರುತ್ತದೆ. ಕಾಯಿಲ್ ಮೊಳೆಗೆ ತಂತಿಯ ಚೂರು, ಕೆಲವಕ್ಕೆ ಪ್ಲಾಸ್ಟಿಕ್ ಚೂರು. ಅವು ಒಳಗೇ ಉಳಿದು ಕೀವಾಗುತ್ತದೆ. ಎಳೆಯುವಾಗ ಚೂರುಗಳು ಕೊಕ್ಕೆಯ ಹಾಗೆ ಮಾಂಸವನ್ನು ಹರಿಯಲೂಬಹುದು. ಮೊಳೆ ಅಲುಗದಂತೆ ಸುತ್ತ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ, ಉಂಗುರ ಇದ್ದರೆ ಊದುವ ಮೊದಲೇ ತೆಗೆದು, ಆಸ್ಪತ್ರೆಗೆ ಹೋಗಿ. ಎಕ್ಸ್‌ರೇ ತೆಗೆದು ನೋಡಿಯೇ ಅವರು ಮೊಳೆ ತೆಗೆಯುತ್ತಾರೆ. ಅದೇ ಜಾತಿಯ ಒಂದು ಮೊಳೆಯನ್ನು ವೈದ್ಯರಿಗೆ ತೋರಿಸಲು ಜೇಬಿನಲ್ಲಿಟ್ಟುಕೊಂಡು ಹೋಗಿ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು 5 ವರ್ಷ ದಾಟಿದ್ದರೆ ಹೇಳಿ, ಮತ್ತೆ ಬೇಕಾಗುತ್ತದೆ. ಮೊಳೆ ಅಥವಾ ಚೂರು ಕಣ್ಣಿಗೆ ಹೊಕ್ಕರೆ ಉಜ್ಜಬೇಡಿ, ತೊಳೆಯಬೇಡಿ, ಒತ್ತಬೇಡಿ. ಪೇಪರ್ ಕಪ್ ಮುಚ್ಚಿ ಟೇಪ್ ಹಚ್ಚಿ ನೇರವಾಗಿ ಕಣ್ಣಿನ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆಯ ಬಿಲ್, ಎಕ್ಸ್‌ರೇ ಎಲ್ಲಾ ಜೋಪಾನ ಮಾಡಿ. 18ರಿಂದ 60 ವಯಸ್ಸಿನೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ನಿಮ್ಮ ಲೇಬರ್ ಕಾರ್ಡ್ ಚಾಲ್ತಿಯಲ್ಲಿದ್ದರೆ ಸಹಾಯಧನದ ಬಗ್ಗೆ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ.

ಪ್ರಶ್ನೆ: ಸಂಜೆ ಮೈಮೇಲಿನ ಮರದ ಪುಡಿಯನ್ನು ಅದೇ ಗಾಳಿ ಪೈಪ್‌ನಿಂದ ಊದಿಕೊಳ್ಳುತ್ತೇವೆ. ಅದರಲ್ಲೇನಾದರೂ ತೊಂದರೆ ಇದೆಯಾ?

ಇದೆ. ಪುಡಿ ಕಣ್ಣು, ಕಿವಿಗೆ ನುಗ್ಗುತ್ತದೆ. ಚರ್ಮದಲ್ಲಿ ಗಾಯ ಇದ್ದರೆ ಅದರ ಮೂಲಕ ಗಾಳಿ ಒಳಗೆ ಸೇರಬಹುದು. ತಮಾಷೆಗೆಂದು ಗೆಳೆಯನ ದೇಹದೊಳಕ್ಕೆ ಗಾಳಿ ಬಿಟ್ಟು ಕರುಳು ಒಡೆದು ಸಾವಾದ ಸುದ್ದಿ ನಮ್ಮ ರಾಜ್ಯದಲ್ಲೇ ಬಂದಿದೆ. ಹೊಸ ಹುಡುಗರಿಗೆ ಇದನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಿ. ಮೈ ಪುಡಿಗೆ ಬ್ರಷ್ ಅಥವಾ ವ್ಯಾಕ್ಯೂಮ್ ಬಳಸಿ.