ಮಟ್ಟಾಂಚೇರಿ ಸಿನಗಾಗ್ ಯಾವ ದಿನ ನೋಡಬಹುದು?
ಮಟ್ಟಾಂಚೇರಿಯ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಬಾಗಿಲು ಹಾಕಿತ್ತು ಅಂದಿರಲ್ಲ, ನೀವು ಕೊಚ್ಚಿಗೆ ಹೋಗಿದ್ದು ಬಹುಶಃ ಶನಿವಾರ. ಅದು ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಯಾರನ್ನೂ ಒಳಗೆ ಬಿಡುವುದಿಲ್ಲ, ನನಗೂ ಹಾಗೇ ಆಗಿತ್ತು. ಶುಕ್ರವಾರವೂ ಬೇಡ, ಪಕ್ಕದ ಡಚ್ ಅರಮನೆಗೆ ಅವತ್ತು ರಜೆ. ಭಾನುವಾರದಿಂದ ಗುರುವಾರದೊಳಗೆ ಒಂದು ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಎರ್ನಾಕುಲಂ ಹೈಕೋರ್ಟ್ ಹತ್ತಿರ ವಾಟರ್ ಮೆಟ್ರೋ ದೋಣಿ ಹತ್ತಿ ಫೋರ್ಟ್ ಕೊಚ್ಚಿಯಲ್ಲಿ ಇಳಿಯಿರಿ, ಅಲ್ಲಿಂದ ಆಟೋ. ಮೊದಲು ಸಿನಗಾಗ್‌ಗೇ ಹೋಗಿ, ಊಟದ ಹೊತ್ತಿಗೆ ಮುಚ್ಚಬಹುದು, ಸಮಯ ಒಮ್ಮೆ ವಿಚಾರಿಸಿಕೊಂಡೇ ಹೊರಡಿ. ಚಪ್ಪಲಿ ಹೊರಗೆ ಬಿಡಬೇಕು. 1568ರ ಕಟ್ಟಡ ಅದು, ಸುಮ್ನೆ ಮೇಲಿನ ದೀಪಗಳನ್ನೇ ನೋಡುತ್ತಾ ನೆಲವನ್ನು ಮರೆಯಬೇಡಿ: ಚೀನಾದಿಂದ ತಂದ ನೀಲಿ-ಬಿಳಿ ಟೈಲ್ಸ್, ಕೈಯಲ್ಲೇ ಚಿತ್ರ ಬರೆದಿದ್ದು, ಬಗ್ಗಿ ನೋಡಿದರೆ ಒಂದರಂತೆ ಇನ್ನೊಂದಿಲ್ಲ. ಫೋರ್ಟ್ ಕೊಚ್ಚಿ ದಡದ ಚೀನೀ ಮೀನು ಬಲೆಗಳನ್ನು ಸಂಜೆಗೆ ಇಟ್ಟುಕೊಳ್ಳಿ, ವಾಪಸ್ ದೋಣಿ ಹತ್ತುವ ದಾರಿಯಲ್ಲೇ ಸಿಗುತ್ತವೆ.