ಓದುಗರು ಕೇಳಿದ್ದು: ಹಳೇ ಸಾಫ್ಟ್‌ವೇರು, ಹೊಸ ಸಮ್ಮೇಳನ

ಪ್ರಶ್ನೆ: ಸರ್, ನಮ್ಮ ಕಾಲೇಜಿನ್ಯಾಗ ಕನ್ನಡದಾಗ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್) ಸಮ್ಮೇಳನ ಮಾಡಬೇಕಂತ ಮಾಡೀವ್ರಿ. ಮಾತಾಡೋರೊಳಗ ಒಬ್ಬ ಗೆಳೆಯಗ ಕಣ್ಣು ಕಾಣಂಗಿಲ್ಲ. ಹುಡುಗ್ಯಾರು ಒಬ್ಬರೂ ಹೆಸರು ಕೊಟ್ಟಿಲ್ಲ, ಅವರು ಬರಂಗಿಲ್ಲ ಬಿಡ್ರಿ ಅಂತ ಸೀನಿಯರ್ಸ್ ಅಂತಾರ. ಏನ್ ಮಾಡೂಣು? (ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಆ ಸೀನಿಯರ್ಸ್‌ನ ಒಂದು ಮಾತು ಕೇಳಿ, ನಿಮ್ಮ ಕೊನೇ ಟಾಕ್ ಮುಗಿಯೋದು ಎಷ್ಟೊತ್ತಿಗೆ, ಲೇಡೀಸ್ ಹಾಸ್ಟೆಲ್ ಗೇಟ್ ಹಾಕೋದು ಎಷ್ಟೊತ್ತಿಗೆ ಅಂತ. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಣ್ಮಕ್ಕಳಿಗೆ ಬಸ್ ಚಾರ್ಜೇನೋ ಉಳೀತು, ಆದ್ರೆ ಊರಿಗೆ ಹೋಗೋ ಕೊನೇ ಬಸ್ಸೇ ಹೊರಟೋದ್ಮೇಲೆ ಅದು ಫ್ರೀ ಇದ್ದು ಏನ್ ಬಂತು. ನಾಲ್ಕೂವರೆಗೆಲ್ಲಾ ಮುಗಿಸಿ. ಆಮೇಲೆ ಪೋಸ್ಟರ್ ಅಂಟಿಸಿ ಸುಮ್ನೆ ಕೂರ್ಬೇಡಿ, ಲ್ಯಾಬಲ್ಲಿ ಚೆನ್ನಾಗಿ ಕೆಲಸ ಮಾಡೋ ಹುಡುಗೀರ ಹತ್ರ ಹೋಗಿ 'ನೀನು ಇದರ ಮೇಲೆ ಇಪ್ಪತ್ತು ನಿಮಿಷ ಮಾತಾಡ್ತೀಯಾ' ಅಂತ ವಿಷಯ ಹೇಳಿ ಕೇಳಿ. ಹೊರಗಿಂದ ಬರೋ ವಿದ್ಯಾರ್ಥಿಗಳಿಗೆ ಖರ್ಚು ಕೊಡೋದಾದ್ರೆ ಮೊದಲೇ ಕೊಡಿ. ಬಿಲ್ ತಂದ್ರೆ ಆಮೇಲೆ ಕೊಡ್ತೀವಿ ಅಂದ್ರೆ ಕೈಯಲ್ಲಿ ದುಡ್ಡಿರೋನು ಮಾತ್ರ ಬರ್ತಾನೆ.

ಕೋಡ್ ಆಫ್ ಕಂಡಕ್ಟ್, ಅಂದ್ರೆ ಬಂದೋರು ಹೇಗೆ ನಡ್ಕೋಬೇಕು ಅನ್ನೋ ನಿಯಮ, ಬೇಕೇ ಬೇಕು. 2011ರಲ್ಲಿ ಅಮೆರಿಕದಲ್ಲಿ ಅಡಾ ಇನಿಶಿಯೇಟಿವ್ ಅಂತ ಓಪನ್ ಸೋರ್ಸಲ್ಲಿರೋ ಹೆಣ್ಮಕ್ಕಳ ಪರವಾದ ಒಂದು ಸಂಸ್ಥೆ ಶುರುವಾಗಿತ್ತು, 2015ರಲ್ಲಿ ಅದು ಮುಚ್ಚಿತು, ಆದ್ರೆ ಅವರು ಪ್ರಚಾರ ಮಾಡಿದ ಮಾದರಿ ನಿಯಮಾನೇ ಎಷ್ಟೋ ಸಮ್ಮೇಳನಗಳು ಇಟ್ಕೊಂಡಿವೆ. ಕಾಪಿ ಹೊಡೆದು ಹಾಕೋದು ಸುಲಭ. ತೊಂದ್ರೆ ಆದಾಗ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ಇಬ್ಬರ ಹೆಸರು, ನಂಬರು ಎಲ್ಲರ ಬ್ಯಾಡ್ಜಿನ ಹಿಂದೆ ಪ್ರಿಂಟ್ ಆಗಿರ್ಲಿ, ಅದರಲ್ಲಿ ಒಬ್ಬರು ಹೆಂಗಸಾಗಿರ್ಲಿ, ಇಲ್ದಿದ್ರೆ ಅದು ಬರೀ ಪೇಪರು.

ಇನ್ನು ನಿಮ್ಮ ಗೆಳೆಯ. ಅವರು ಎನ್‌ವಿಡಿಎ ಬಳಸ್ತಿರಬಹುದು, 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ ಸ್ಕ್ರೀನ್ ರೀಡರು, ಅಂದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರು, ಕರನ್ ಅವರಿಗೂ ಕಣ್ಣು ಕಾಣಲ್ಲ. ಕಾರ್ಯಕ್ರಮದ ಪಟ್ಟಿ, ಸ್ಲೈಡು ಎಲ್ಲಾ ಯೂನಿಕೋಡಲ್ಲೇ (ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರೋ ಪದ್ಧತಿ) ಇರ್ಲಿ. ಹಳೇ 'ನುಡಿ' ಸಾಫ್ಟ್‌ವೇರಿನ ಎಎಸ್‌ಸಿಐಐ (ಆಸ್ಕಿ) ಫಾಂಟಲ್ಲಿ ಟೈಪ್ ಮಾಡಿದ 'ಕ' ನೋಡೋಕೆ ಮಾತ್ರ 'ಕ', ಫೈಲ್ ಒಳಗಡೆ ಕೂತಿರೋದು ಇಂಗ್ಲಿಷಿನ ಕ್ಯಾಪಿಟಲ್ 'ಪಿ', ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರೋ ಒಂದು 'ಎ'. ಸ್ಕ್ರೀನ್ ರೀಡರ್ ಪಾಪ ಅದನ್ನೇ ಓದುತ್ತೆ. ಫೋಟೋ ಮಾಡಿ ವಾಟ್ಸಾಪಲ್ಲಿ ಕಳಿಸೋ ಆಹ್ವಾನ ಪತ್ರಿಕೆಯಂತೂ ಅವರ ಪಾಲಿಗೆ ಖಾಲಿ ಹಾಳೆ, ಕೆಳಗಡೆ ಟೈಪ್ ಮಾಡಿದ ಮ್ಯಾಟರ್ ಹಾಕಿ.

ಪ್ರಶ್ನೆ: ನಮ್ಮ ಡಿಗ್ರಿ ಕಾಲೇಜ್ ಲೈಬ್ರರೀಲಿ ತುಂಬಾ ಹಳೇ ಕೋಹಾ (ಲೈಬ್ರರಿ ನಡೆಸೋ ಓಪನ್ ಸೋರ್ಸ್ ಸಾಫ್ಟ್‌ವೇರ್) ಇದೆ. ಹಾಕಿಕೊಟ್ಟ ಕಂಪನಿಯವರು ಈಗ ಫೋನೇ ಎತ್ತಲ್ಲ. ಪ್ರಿನ್ಸಿಪಾಲರು ಇದನ್ನ ಬಿಸಾಕಿ ಬೇರೆ ತಗೊಳ್ಳೋಣ ಅಂತಿದ್ದಾರೆ. (ಗ್ರಂಥಪಾಲಕಿ, ಚಿತ್ರದುರ್ಗ)

ಉತ್ತರ: ಬಿಸಾಕ್ಬೇಡಿ ಮೇಡಂ. ಕೋಹಾ ಹುಟ್ಟಿದ್ದೇ ಇಂಥ ಕಷ್ಟದಲ್ಲಿ. ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟಿನವರ ಹಳೇ ಸಿಸ್ಟಮ್ಮಿಗೆ 2000ನೇ ಇಸವಿ ದಾಟೋಕೆ ಆಗ್ತಿರ್ಲಿಲ್ಲ, ಕಟಿಪೋ ಅನ್ನೋ ಸಣ್ಣ ಕಂಪನಿ ಹತ್ರ ಹೊಸದು ಬರೆಸಿದ್ರು, 2000ದ ಜನವರೀಲಿ ಚಾಲೂ ಮಾಡಿ ಕೋಡನ್ನ ಎಲ್ಲರಿಗೂ ಬಿಟ್ಟುಕೊಟ್ರು. ಅಂದ್ರೆ ಹಾಕಿಕೊಟ್ಟೋರು ಕೈ ಬಿಟ್ರೆ ಗೊತ್ತಿರೋ ಬೇರೆ ಯಾರು ಬೇಕಾದ್ರೂ ಮುಂದುವರಿಸಬಹುದು, ಅದಕ್ಕೆ ಯಾರ ಪರ್ಮಿಷನ್ನೂ ಬೇಡ.

ಇವತ್ತೇ ಬ್ಯಾಕಪ್ ತಗೊಳ್ಳಿ. ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಪ್ಯಾಕೇಜಿಂದ ಹಾಕಿದ್ರೆ ಕೋಹಾ-ಡಂಪ್ ಅಂತ ಒಂದು ಕಮಾಂಡ್ ಇರುತ್ತೆ, ಅದು ಡೇಟಾಬೇಸ್ ಒಂದು ಫೈಲು, ಸೆಟ್ಟಿಂಗ್ಸ್ ಇನ್ನೊಂದು ಫೈಲು ಮಾಡಿ ಇಡುತ್ತೆ, ಎರಡನ್ನೂ ಪೆನ್ ಡ್ರೈವಿಗೆ ಹಾಕಿ ಬೀರುವಲ್ಲಿಡಿ. ಅದೇ ಸರ್ವರಲ್ಲಿ ಇಟ್ಟಿರೋದು ಬ್ಯಾಕಪ್ಪೇ ಅಲ್ಲ. ಹೊಸ ಆವೃತ್ತಿಗೆ ಹೋಗೋವರೆಗೂ ಹೊರಗಿನ ಇಂಟರ್ನೆಟ್ಟಿಂದ ಆ ಸರ್ವರ್ ಕಾಣದ ಹಾಗೆ ಮಾಡಿಸಿ, ಲೈಬ್ರರಿ ಒಳಗಿನ ನೆಟ್‌ವರ್ಕ್ ಸಾಕು. ಆಮೇಲೆ ಲ್ಯಾಬಿನ ಯಾವುದೋ ಬೇರೆ ಪಿಸಿ ಮೇಲೆ ಹೊಸ ಡೆಬಿಯನ್, ಹೊಸ ಕೋಹಾ ಹಾಕಿ ಈ ಡೇಟಾನ ಅಲ್ಲಿ ಏರಿಸಿ, ಮಧ್ಯದ ಆವೃತ್ತಿಗಳ ಬದಲಾವಣೆ ಎಲ್ಲಾ ಅದೇ ಒಂದೊಂದಾಗಿ ಮಾಡ್ಕೊಂಡು ಬರುತ್ತೆ, ಹೊತ್ತು ಹಿಡಿದ್ರೆ ಗಾಬರಿಯಾಗಿ ಮಧ್ಯ ಆಫ್ ಮಾಡ್ಬೇಡಿ. ಕನ್ನಡ ಶೀರ್ಷಿಕೆ ಹುಡುಕಿದ್ರೆ ಸಿಗುತ್ತಾ, ಬಾರ್‌ಕೋಡ್ ಓದುತ್ತಾ, ಹಳೇ ಫೈನ್ ಲೆಕ್ಕ ತಾಳೆ ಆಗುತ್ತಾ ನೋಡ್ಕೊಂಡೇ ಬದಲಾಯಿಸಿ.

ಪ್ರಶ್ನೆ: ಓಪನ್ ಸೋರ್ಸ್ ಅಂದ್ಮೇಲೆ ಫ್ರೀ ಅಲ್ವಾ? ಅದಕ್ಕೆ ಯಾಕ್ರೀ ದುಡ್ಡು ಕೊಡ್ಬೇಕು? (ಓದುಗ, ಮೈಸೂರು)

ಉತ್ತರ: ಲೈಸೆನ್ಸ್ ಫ್ರೀ ಸ್ವಾಮಿ, ಅದನ್ನ ನೋಡ್ಕೊಳ್ಳೋರ ಮನೆ ಬಾಡಿಗೆ ಫ್ರೀ ಅಲ್ಲ. ಎಕ್ಸ್‌ಝಡ್ ಅನ್ನೋ, ಫೈಲ್ ಗಾತ್ರ ಕುಗ್ಗಿಸೋ ಟೂಲ್ ಲಿನಕ್ಸಲ್ಲಿ ಎಲ್ಲಾ ಕಡೆ ಇದೆ, ವರ್ಷಗಟ್ಟಲೆ ಹೆಚ್ಚುಕಮ್ಮಿ ಒಬ್ಬರೇ ಸಂಬಳ ಇಲ್ದೆ ನೋಡ್ಕೊಂಡಿದ್ರು, ಸುಸ್ತಾಗಿದ್ರು. 'ಬೇಗ ಬೇಗ ಮಾಡಿ' ಅಂತ ಅವರ ಮೇಲೆ ಒತ್ತಡ ಬಿತ್ತು, ಸಹಾಯಕ್ಕೆ ಅಂತ ಬಂದೋನು ನಂಬಿಕೆ ಗಳಿಸಿ ಜೊತೆ ಮೇಂಟೇನರ್ (ನೋಡ್ಕೊಳ್ಳೋನು) ಆಗಿ 5.6.0, 5.6.1 ಆವೃತ್ತಿಗಳಲ್ಲಿ ಕದ್ದು ಒಳಗೆ ನುಗ್ಗೋ ಹಿಂಬಾಗಿಲು ಇಟ್ಟ. 2024ರ ಮಾರ್ಚಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರಿಗೆ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅನ್ನಿಸಿ ಕೆದಕಿದ್ದಕ್ಕೆ ಸಿಕ್ಕಿಬಿತ್ತು.

ಎಲ್ಲ ಕಥೆನೂ ಹೀಗೇ ಆಗಲ್ಲ. ಕನ್ನಡಾನೂ ಓದೋ ಇ-ಸ್ಪೀಕ್ ಧ್ವನಿಯ ಮೂಲ ಲೇಖಕರು 2015ರಲ್ಲಿ ಸಂಪರ್ಕಕ್ಕೆ ಸಿಗದೆ ಹೋದಾಗ ಬೇರೆಯವರು ಇ-ಸ್ಪೀಕ್ ಎನ್‌ಜಿ ಅಂತ ಮುಂದುವರಿಸಿದ್ರು, ಎನ್‌ವಿಡಿಎ ಜೊತೆ ಬರೋದು ಅದೇ. ನನಗನ್ನಿಸೋದು, ಹುಬ್ಬಳ್ಳಿ ಹುಡುಗರು ಚಿತ್ರದುರ್ಗದ ಮೇಡಂ ಥರದೋರನ್ನ ವೇದಿಕೆಗೆ ಕರೀಬೇಕು. ಎಐ ಬಗ್ಗೆ ಮಾತಾಡೋರು ಹೇಗೂ ಸಿಗ್ತಾರೆ, ಹಳೇದನ್ನ ಓಡಿಸ್ಕೊಂಡು ಹೋಗೋರನ್ನ ಯಾರೂ ಕರೆಯಲ್ಲ. ಟೀ ಶರ್ಟ್ ಬಿಟ್ಟು ಆ ದುಡ್ಡನ್ನ ನೀವೇ ಬಳಸೋ ಒಂದು ಪ್ರಾಜೆಕ್ಟಿಗೆ ಕೊಡಿ.

ಪ್ರಶ್ನೆ: ಇಂಟರ್ನಲ್ ಮಾರ್ಕ್ಸ್ ಲೆಕ್ಕ ಹಾಕೋ ಪೈಥಾನ್ 2 (ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿ) ಸ್ಕ್ರಿಪ್ಟ್ ಇನ್ನೂ ಓಡ್ತಿದೆ. ಪೈಥಾನ್ 3ಕ್ಕೆ ತರಬಹುದಾ? (ಉಪನ್ಯಾಸಕ, ತುಮಕೂರು)

ಉತ್ತರ: ತನ್ನಿ, 2020ರ ಜನವರಿ 1ಕ್ಕೇ ಪೈಥಾನ್ 2ರ ಸಪೋರ್ಟ್ ಮುಗೀತು. ಪ್ರಿಂಟ್‌ಗೆ ಬ್ರಾಕೆಟ್ ಇಲ್ಲ ಅಂತ ಎರರ್ ಕೊಟ್ರೆ ಹೆದರ್ಬೇಡಿ, ಎರರ್ ಕೊಡದೆ ಬದಲಾಗೋದು ಭಾಗಾಕಾರ. ಪೈಥಾನ್ 2ರಲ್ಲಿ 5/2 ಅಂದ್ರೆ 2, ಪೈಥಾನ್ 3ರಲ್ಲಿ 2.5. ಹೋದ ವರ್ಷದ ಒಂದು ಕ್ಲಾಸಿನ ಮಾರ್ಕ್ಸನ್ನ ಎರಡರಲ್ಲೂ ಹಾಕಿ, ಬಂದಿದ್ದನ್ನ ಪಕ್ಕಪಕ್ಕ ಇಟ್ಟು ನೋಡಿ. ಹಳೇ ಲೆಕ್ಕಾನೇ ಬೇಕು ಅಂದ್ರೆ ಎರಡು ಓರೆಗೆರೆ ಹಾಕಿ, 5//2.