ಹಿಮ್ಮಡಿ ನೆಲ ಮುಟ್ಟದಿದ್ದರೆ

ಬಹುಶಃ ಮೀನಖಂಡ ಬಿಗಿದಿದೆ. ಕಾಲು ಉದ್ದ ಮಾಡುವ ಸರ್ಜರಿಯಲ್ಲಿ ಕತ್ತರಿಸಿದ ಮಂಡಿಯ ಕೆಳಗಿನ ಎಲುಬನ್ನು, ಕಾಲಿಗೆ ಹಾಕಿದ ಫ್ರೇಮಿನ ತಿರುಪು ತಿರುಗಿಸಿ ದಿನಕ್ಕೆ 1 ಮಿ.ಮೀ. ಉದ್ದ ಮಾಡುತ್ತಿದ್ದೇನೆ, ಮೂರನೇ ವಾರಕ್ಕೆ ಹಿಮ್ಮಡಿ ನೆಲ ಮುಟ್ಟುತ್ತಿಲ್ಲ ಅಂದಿದ್ದೀರಿ. ಆ ವೇಗಕ್ಕೆ ಸ್ನಾಯು ಹಿಗ್ಗುತ್ತಿಲ್ಲ.

ಮೊದಲು ಇವತ್ತೇ ಸರ್ಜನ್‌ಗೆ ಫೋನ್ ಮಾಡಿ, ವೇಗ ಇಳಿಸಬೇಕೇ ಕೇಳಿ. ಚೆಕಪ್‌ಗೆ ಹೇಗೂ ಕಾಸರಗೋಡಿನಿಂದ ಮಂಗಳೂರಿಗೆ ಹೋಗಲಿಕ್ಕಿದೆ, ಆಗ ಹೇಳೋಣ ಅಂತ ಕಾಯಬೇಡಿ. ನೀವಾಗಿಯೇ ತಿರುಪು ತಿರುಗಿಸುವುದನ್ನು ನಿಲ್ಲಿಸಲೂ ಬೇಡಿ. ಎಲುಬು ಬೇಗ ಕೂಡಿಬಿಟ್ಟರೆ ಮತ್ತೆ ಕತ್ತರಿಸಬೇಕಾದೀತು.

ಆಮೇಲೆ ಬೈರಾಸು (ಟವೆಲ್). ಕಾಲು ಚಾಚಿ ಕೂತು ಪಾದದ ಮುಂಭಾಗಕ್ಕೆ ಸುತ್ತಿ, ನಿಮ್ಮ ಕಡೆಗೆ ಮೆಲ್ಲ ಎಳೆದು 30 ಸೆಕೆಂಡ್ ಹಿಡಿಯಿರಿ. ಮಂಡಿ ನೇರವೇ ಇರಬೇಕು, ಮಡಚಿದರೆ ದೊಡ್ಡ ಸ್ನಾಯು ಸಡಿಲಾಗಿ ಎಳೆದದ್ದು ವ್ಯರ್ಥ. ನಾನು ದಿನಕ್ಕೆ ಆರೇಳು ಸಲ ಮಾಡುತ್ತಿದ್ದೆ. ನಿಮಗೆಷ್ಟು ಅಂತ ಫಿಸಿಯೋಥೆರಪಿಸ್ಟ್ ಹೇಳಲಿ. ಮಲಗುವಾಗ ಪಾದ 90 ಡಿಗ್ರಿಯಲ್ಲಿ ನಿಲ್ಲುವ ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಗಟ್ಟಿ ಆಸರೆ) ಕೇಳಿ. ಎಷ್ಟು ಹಿತವಾದರೂ ಮಂಡಿಯಡಿಗೆ ದಿಂಬು ಬೇಡವೇ ಬೇಡ.

ಹೆಬ್ಬೆರಳು ಮೇಲಕ್ಕೆತ್ತಲು ಆಗದಿದ್ದರೆ, ಪಾದದ ಮೇಲ್ಭಾಗ ಜೋಮು ಹಿಡಿದಿದ್ದರೆ ನರ ಎಳೆಯುತ್ತಿರಬಹುದು. ಹಾಗಿದ್ದರೆ ಮುಂದಿನ ಸುತ್ತು ತಿರುಗಿಸುವ ಮೊದಲೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆ ಮಾಡಿ.